ಗುದ್ದಲಿಯಿಂದ ಮಾತಿಗೆ

ಪರದೇಶಕ್ಕೆ ಹೋಗಿ ಸಂಬಳದಾಸೆ ಇಲ್ಲದೆ ದುಡಿಯುವ ಪದ್ಧತಿ ಯುರೋಪಿನಲ್ಲಿ ಗುದ್ದಲಿ ಕೆಲಸವಾಗಿ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ವೆರ್ಡನ್ ಸೀಮೆಯ ಒಂದು ಹಳ್ಳಿಗೆ 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ತಮ್ಮ ಸಂಗಡಿಗರೊಡನೆ ಬಂದು, ಮನೆ ಕಟ್ಟಲು, ಹೊಲ ಹಸನು ಮಾಡಲು ನಿಂತರು. ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆಯ ವೈರಿಯಿಂದ ಗೋಡೆ ಕಟ್ಟಿಸಿಕೊಳ್ಳಲು ಎಲ್ಲರಿಗೂ ಮನಸ್ಸಾಗದೆ, ಕೆಲವೇ ತಿಂಗಳಲ್ಲಿ ಶಿಬಿರ ಎತ್ತಬೇಕಾಯಿತು. 1934ರ ಜನವರಿಯ ಭೂಕಂಪದ ನಂತರ ಸೆರೆಸೋಲ್ ಬಿಹಾರಕ್ಕೂ ಬಂದು ಹಳ್ಳಿ ಕಟ್ಟುವ ಕೆಲಸಕ್ಕೆ ಇಳಿದರು. ಊರಿನ ಹುಡುಗ ಹುಡುಗಿಯರ ಜೊತೆ ಕೂತು, ಮುಂದೆ ಏನಾಗಬೇಕೆಂದಿದ್ದೀರಿ ಎಂದು ಕೇಳುವ ಕೆಲಸ ಈ ಶಿಬಿರಗಳದ್ದಾಗಿರಲಿಲ್ಲ.

ಬ್ರಿಟನ್ನಿನ ಅಲೆಕ್ ಡಿಕ್ಸನ್ 1958ರಲ್ಲಿ ಶಾಲೆ ಮುಗಿಸಿದ ಹದಿನೆಂಟರ ಪ್ರಾಯದವರನ್ನು ಹೊರದೇಶಗಳಿಗೆ ಕಳಿಸತೊಡಗಿದರು. ಅಮೆರಿಕದಲ್ಲಿ ಇದು ಸರ್ಕಾರದ ಕಾರ್ಯಕ್ರಮವೇ ಆಯಿತು. ಚುನಾವಣಾ ಪ್ರಚಾರದಲ್ಲಿದ್ದ ಕೆನಡಿ 1960ರ ಅಕ್ಟೋಬರ್ 14ರಂದು ನಡುರಾತ್ರಿ ಕಳೆದ ಮೇಲೆ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ಈ ವಿಚಾರ ಎತ್ತಿದರು. 1961ರ ಮಾರ್ಚ್ 1ರಂದು ಪೀಸ್ ಕೋರ್ ಎಂಬ ಆ ಕಾರ್ಯಕ್ರಮ ಹುಟ್ಟಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ನೈಜೀರಿಯಾದ ಇಬಾದಾನ್‌ನಲ್ಲಿ ತರಬೇತಿಯಲ್ಲಿದ್ದ ಪೀಸ್ ಕೋರ್ ಸ್ವಯಂಸೇವಕಿಯೊಬ್ಬಳು ಊರಿಗೆ ಕಾರ್ಡು ಬರೆದಳು. ಬೀದಿಯ ಬಡತನ ಕಂಡು ಬೆಚ್ಚಿದ್ದನ್ನು ಅದರಲ್ಲಿ ತೋಡಿಕೊಂಡಿದ್ದಳು. ಅಂಚೆಗೆ ಸೇರುವ ಮುಂಚೆಯೇ ಕೈತಪ್ಪಿದ ಕಾರ್ಡು ಅಲ್ಲಿನ ಕಾಲೇಜು ವಿದ್ಯಾರ್ಥಿಗಳಿಗೆ ಸಿಕ್ಕಿತು. ಅವರು ಪ್ರತಿ ಮಾಡಿ ಹಂಚಿ, ಪ್ರತಿಭಟನೆಗೆ ಇಳಿದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಒಂದು ವರ್ಷ. ಕನಸು ಬೇರೆಯವರು ಹೊತ್ತು ತರಬೇಕಾದ ಸ್ಥಿತಿಯಲ್ಲಿ ಆ ವಿದ್ಯಾರ್ಥಿಗಳು ಇರಲಿಲ್ಲ. ತಮ್ಮ ಬಗ್ಗೆ ಅತಿಥಿ ಏನೆಂದುಕೊಂಡಿದ್ದಾಳೆ ಎಂಬುದು ಅವರಿಗೆ ದೊಡ್ಡದಾಗಿತ್ತು. ಸ್ವಯಂಸೇವಕಿ ಮನೆಗೆ ಮರಳಬೇಕಾಯಿತು. 1968ರಲ್ಲಿ ಮೆಕ್ಸಿಕೋದ ಕ್ವೆರ್ನಾವಾಕಾದಲ್ಲಿ ಚಿಂತಕ ಇವಾನ್ ಇಲಿಚ್ ಅಮೆರಿಕದ ಸ್ವಯಂಸೇವಕ ವಿದ್ಯಾರ್ಥಿಗಳಿಗೆ ಇಂಥದೇ ಆಕ್ಷೇಪವನ್ನು ಇನ್ನೂ ಖಾರವಾಗಿ ಹೇಳಿದರು: ನೋಡಲು, ಕಲಿಯಲು ಬನ್ನಿ, ಉದ್ಧಾರ ಮಾಡಲು ಬೇಡ ಎಂಬುದು ಅವರ ಮಾತಿನ ತಾತ್ಪರ್ಯ.

ಭಾರತಕ್ಕೆ 1961ರಿಂದ 1976ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪೀಸ್ ಕೋರ್ ಸ್ವಯಂಸೇವಕರು ಬಂದರು. ಆಗಿನ ಮೈಸೂರು ರಾಜ್ಯಕ್ಕೂ ಬಂದವರಿದ್ದರು. ಕೋಳಿ ಸಾಕಣೆ, ಬೇಸಾಯ, ಪೌಷ್ಟಿಕ ಆಹಾರ ಅವರ ಮುಖ್ಯ ಕೆಲಸಗಳಾಗಿದ್ದವು.

ಇಂಥ ಕೆಲಸಗಳ ಬದಲು ಹರೆಯದವರ ಆಸೆಯನ್ನೇ ನಡುವಿಗೆ ತಂದ ಪ್ರಯೋಗ ರೊಮೇನಿಯಾದ್ದು. 1989ರ ಡಿಸೆಂಬರಿನಲ್ಲಿ ಕಮ್ಯುನಿಸ್ಟ್ ಸರ್ವಾಧಿಕಾರಿ ಚಾವುಶೆಸ್ಕು ಆಳ್ವಿಕೆಯ ವಿರುದ್ಧ ಮೊದಲ ದಂಗೆ ಎದ್ದದ್ದು ತಿಮಿಶೋರಾದಲ್ಲಿ. ಆ ಆಳ್ವಿಕೆ ಬಿದ್ದು, ಏನಾಗಬೇಕೆಂಬುದನ್ನು ಮೇಲಿನವರೇ ಗೊತ್ತುಮಾಡುತ್ತಿದ್ದ ಕಾಲ ಮುಗಿದಿತ್ತು. ಹಾಗಾದರೆ ಮುಂದೇನು ಎಂಬ ಪ್ರಶ್ನೆ ಹುಡುಗಿಯರ ಮುಂದೆ ಬರಿದಾಗಿ ನಿಂತಿತ್ತು. ಅದೇ ಊರಿನಲ್ಲಿ 1995ರಲ್ಲಿ ಪೀಸ್ ಕೋರ್ ಸ್ವಯಂಸೇವಕರೂ ಸ್ಥಳೀಯ ಶಿಕ್ಷಕರೂ ಸೇರಿ ಸುಮಾರು 80 ಹುಡುಗಿಯರಿಗೆ ಒಂದು ವಾರದ ಶಿಬಿರ ನಡೆಸಿದರು. ಹೆಸರು ಕ್ಯಾಂಪ್ ಗ್ಲೋ. ಅಲ್ಲಿ ಗೋಡೆ ಕಟ್ಟುವ ಕೆಲಸ ಇರಲಿಲ್ಲ. ಆತ್ಮವಿಶ್ವಾಸ, ಮುಂದಾಳುತನ, ಬದುಕಿನ ಗುರಿ ಇವುಗಳ ಸುತ್ತ ಮಾತುಕತೆ ಇತ್ತು. ಶಿಬಿರ ಮುಂದೆ ಆಫ್ರಿಕಾ, ಏಷ್ಯಾದ ದೇಶಗಳಿಗೂ ಹಬ್ಬಿತು, ಹುಡುಗರಿಗೂ ಇಂಥವು ಶುರುವಾದವು. ಸ್ವಯಂಸೇವಕರ ಅವಧಿ ಎರಡು ವರ್ಷವಾದ್ದರಿಂದ ಸ್ಥಳೀಯ ಶಿಕ್ಷಕರೇ ಇದರ ಬೆನ್ನೆಲುಬಾಗಬೇಕಿತ್ತು. ಹಲವೆಡೆ ಶಿಬಿರದಲ್ಲಿ ಕೂತಿದ್ದ ಹುಡುಗಿಯರೇ ಮುಂದಿನ ಸಲ ಕಿರಿಯರನ್ನು ಮುನ್ನಡೆಸಲು ಬಂದರು. ಪೀಸ್ ಕೋರ್ 2013ರಲ್ಲಿ ರೊಮೇನಿಯಾದಿಂದ ಹೊರಟಿತು.