ಬೇಡ್ತಿ ಕಣಿವೆಯ ಜಮಾಖರ್ಚು

ಖಾತೆಯಲ್ಲಿ ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟರೆ ಅದನ್ನು ಲೆಕ್ಕವೆಂದು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಆದರೆ ದೊಡ್ಡ ಅಣೆಕಟ್ಟುಗಳ ವಿಷಯದಲ್ಲಿ ಬಹುಕಾಲ ಹೀಗೆಯೇ ನಡೆಯಿತು. ಖರ್ಚಿನ ಪುಟವನ್ನೂ ತೆರೆಯಿರಿ ಎಂದು ನಮ್ಮ ನಾಡಿನಲ್ಲಿ ಸಂಘಟಿತರಾಗಿ ಕೇಳಿದ ಮೊದಲಿಗರಲ್ಲಿ ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಸೇರುತ್ತಾರೆ.

ಧಾರವಾಡದ ಕಡೆಯಿಂದ ಹರಿದುಬರುವ ಬೇಡ್ತಿ ನದಿಯು ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿಯೆಂಬ ಹೆಸರಿನಿಂದ ಕಡಲನ್ನು ಸೇರುತ್ತದೆ. ಈ ನದಿಗೆ ಅಣೆಕಟ್ಟು ಕಟ್ಟಿ 210 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುವ ಯೋಜನೆ 1970ರ ದಶಕದ ಕೊನೆಗೆ ಮುಂದೆ ಬಂದಿತು. ಕಣಿವೆಯ ಮಳೆಕಾಡೂ ಅದರ ಮಡಿಲಿನ ಅಡಿಕೆ, ಮೆಣಸು, ಏಲಕ್ಕಿಯ ತೋಟಗಳೂ ಮುಳುಗಬೇಕಾಗಿತ್ತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರ ಸೀಮೆಯ ಹಳ್ಳಿಗಳನ್ನು ನುಂಗಿದ್ದನ್ನು ಅಲ್ಲಿಯ ಜನ ಮರೆತಿರಲಿಲ್ಲ. ಕಾಳಿ ನದಿಯ ಸೂಪಾದಲ್ಲಿ ಇನ್ನೊಂದು ಅಣೆಕಟ್ಟಿನ ಕೆಲಸವೂ ನಡೆದಿತ್ತು.

ಅವರು ಹಿಡಿದ ದಾರಿ ಗಮನಾರ್ಹವಾದುದು. 1923ರಲ್ಲಿ ಸ್ಥಾಪಿತವಾದ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು, ಅಡಿಕೆ ವ್ಯಾಪಾರದ ಸಂಸ್ಥೆಯಾಗಿದ್ದೂ, ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ಯೋಜನೆಯ ಲಾಭನಷ್ಟಗಳನ್ನು ಪರಿಶೀಲಿಸಲು 1981ರಲ್ಲಿ ವಿಚಾರಸಂಕಿರಣವನ್ನು ಏರ್ಪಡಿಸಿತು. ಮುಳುಗುವ ಕಾಡಿಗೆ ಬೆಲೆಯೇನು? ತೋಟಕ್ಕೆ ಗೊಬ್ಬರ ಒದಗಿಸುವ ಸೊಪ್ಪಿನ ಬೆಟ್ಟವನ್ನು ಯಾರು ಮರಳಿ ಕೊಡುವರು? ಇಂಥ ಪ್ರಶ್ನೆಗಳನ್ನು ಅಂಕಿಅಂಶಗಳೊಡನೆ ಮುಂದಿಟ್ಟಾಗ ಅವನ್ನು ಬರಿಯ ಭಾವಾವೇಶವೆಂದು ತಳ್ಳಿಹಾಕುವುದು ಕಷ್ಟವಾಯಿತು. ಯೋಜನೆ ಮೂಲೆಗೆ ಸರಿಯಿತು. ಅದೇ ಕಾಲದಲ್ಲಿ ಕೇರಳದ ಸೈಲೆಂಟ್ ವ್ಯಾಲಿಯೂ ಅಣೆಕಟ್ಟಿನಿಂದ ಪಾರಾಗಿ 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಲಕಣಿಯಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಅಪ್ಪಿಕೋ ಚಳವಳಿಯ ಆರಂಭವದು.

ಮಧುಗಿರಿ, ಪಾವಗಡದ ಬಯಲಿನವರಾದ ನಮಗೆ ಆ ಮಳೆಕಾಡು ದೂರದ್ದು ಎನ್ನಿಸಬಹುದು. ಆದರೆ ನಮ್ಮ ಮನೆಗಳ ದೀಪ ಉರಿದದ್ದು ಶರಾವತಿಯ ವಿದ್ಯುತ್ತಿನಿಂದಲೂ ಹೌದು. ಇಂದು ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ರಾಯಚರ್ಲು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಬೇಡ್ತಿಯಿಂದ ನಿರೀಕ್ಷಿಸಿದ್ದಕ್ಕಿಂತ ಇದು ಸುಮಾರು ಹತ್ತು ಪಟ್ಟು. ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು; ಕಾಡು ಮುಳುಗಲಿಲ್ಲ. ಆದರೆ ಭೂಮಿಯಿಲ್ಲದ ಕೂಲಿಯವರ ಕೆಲಸವೂ ಕುರಿಗಾಹಿಗಳ ಹುಲ್ಲುಗಾವಲೂ ಹೋದದ್ದನ್ನು ಖರ್ಚಿನ ಪುಟದಲ್ಲಿ ಬರೆಯಲೇಬೇಕು.

ಇನ್ನೊಂದು ಖರ್ಚು ಬೇರೆ ಊರಿನದು. ಸೂರ್ಯ ಮುಳುಗಿದ ಮೇಲೆ ಸೌರವಿದ್ಯುತ್ತಿಲ್ಲ. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವ 2,000 ಮೆಗಾವ್ಯಾಟ್ ಯೋಜನೆಯನ್ನು ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದಲ್ಲಿ, ರೂಪಿಸಲಾಗಿದೆ. 2025ರ ಸೆಪ್ಟೆಂಬರಿನ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಅಲ್ಲಿಯ ಜನ ಇದನ್ನು ವಿರೋಧಿಸಿದರು. ನಮ್ಮ ಬಯಲಿನ ಬಿಸಿಲನ್ನು ಕೂಡಿಡಲು ಅವರ ಕಾಡು ಬೇಕೆ ಎಂಬ ಪ್ರಶ್ನೆ ಈಗ ನಮ್ಮ ಬಾಗಿಲಿಗೂ ಬಂದಿದೆ.

ಗೃಹಸ್ಥನು ಏಕೇಂದ್ರಿಯ ಜೀವಿಗಳ ಹಿಂಸೆಯನ್ನು ಪೂರ್ಣವಾಗಿ ಬಿಡಲಾರನು. ಆದುದರಿಂದಲೇ ಪ್ರಯೋಜನವಿಲ್ಲದ ಹಿಂಸೆಯನ್ನಾದರೂ ಬಿಡಬೇಕೆಂದು ಅನರ್ಥದಂಡವಿರತಿಯನ್ನು ಶ್ರಾವಕವ್ರತಗಳಲ್ಲಿ ಸೇರಿಸಿದ್ದಾರೆ. ನೆಲವನ್ನು ವೃಥಾ ಅಗೆಯುವುದು, ನೀರನ್ನು ವೃಥಾ ಚೆಲ್ಲುವುದು, ಗಿಡಮರಗಳನ್ನು ವೃಥಾ ಕಡಿಯುವುದು ಆ ವ್ರತಕ್ಕೆ ಸಲ್ಲದವು. ಆದರೆ ಯಾವುದು ವೃಥಾ, ಯಾವುದು ಅನಿವಾರ್ಯ ಎಂಬುದು ಪೂರ್ಣ ಲೆಕ್ಕವಿಲ್ಲದೆ ತಿಳಿಯುವುದೆಂತು? ಪರ್ವದಿನಗಳಲ್ಲಿ ಬಸದಿಗೆ ಇರುಳಿಡೀ ದೀಪಾಲಂಕಾರ ಮಾಡಿಸುವ ನಾವು, ಆ ಬೆಳಕಿನ ಖರ್ಚು ಯಾರ ಖಾತೆಗೆ ಬೀಳುತ್ತದೆಂದು ಒಮ್ಮೆ ಕೇಳಿಕೊಂಡರೆ, ಶಿರಸಿಯ ಬೆಳೆಗಾರರು ತೆರೆದ ಪುಟವನ್ನು ಮುಂದುವರಿಸಿದಂತಾಗುತ್ತದೆ.