ಬಾದಾಮಿಯ ತ್ರಿಪದಿಯೂ ಭಾವದ ಇತಿಹಾಸವೂ

ಕೋಪಶೋಕಾದಿ ಭಾವಗಳು ಮನುಷ್ಯನ ಸಹಜಧರ್ಮಗಳೋ ಅಥವಾ ಸಮಾಜದಿಂದ ಕಲಿತವುಗಳೋ ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಕ್ಕೆ ಬಿಟ್ಟುಕೊಡುವುದು ಇತಿಹಾಸಕಾರರ ವಾಡಿಕೆ. ಆದರೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಓದುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ದೇಹವಿಕಾರಗಳ ಅನುಭವವೇ ಭಾವವೆಂದು ವಿಲಿಯಂ ಜೇಮ್ಸ್ 1884ರಲ್ಲಿ ಪ್ರತಿಪಾದಿಸಿದನು. ಅವನ ಮತದಂತೆ ನಾವು ಅಳುವುದರಿಂದಲೇ ದುಃಖಿಗಳು. ಭಿನ್ನ ಭಾವಗಳಲ್ಲಿಯೂ ಒಳಾಂಗಗಳ ವಿಕಾರವು ಒಂದೇ ಬಗೆಯದೆಂದು ಕ್ಯಾನನ್ 1927ರಲ್ಲಿ ಆಕ್ಷೇಪಿಸಿದನು. ದೇಹದ ಉದ್ರೇಕಕ್ಕೆ ಸನ್ನಿವೇಶವು ಅರ್ಥವನ್ನೀಯುವುದೆಂದು ಷಾಕ್ಟರ್ ಮತ್ತು ಸಿಂಗರ್ 1962ರಲ್ಲಿ ವಾದಿಸಿದರು. ಅವರ ಪ್ರಯೋಗವು ಮುಂದೆ ಟೀಕೆಗೆ ಒಳಗಾದರೂ ಅದು ಎತ್ತಿದ ಪ್ರಶ್ನೆ ಉಳಿದಿದೆ: ಆ ಅರ್ಥವು ಎಲ್ಲಿಂದ ಬರುತ್ತದೆ? ಭಾವದ ಕಾರಣವನ್ನು ವಿಭಾವವೆಂದೂ ಹೊರಗುರುತನ್ನು ಅನುಭಾವವೆಂದೂ ಬೇರ್ಪಡಿಸಿದ ನಾಟ್ಯಶಾಸ್ತ್ರದ ಪರಂಪರೆಯವರಾದ ನಮಗೆ ಈ ವಿಚಾರವು ಹೊಸದಲ್ಲ.

ತಟ್ಟುಕೋಟೆಯ ಬಂಡೆಯ ಮೇಲಿರುವ ಹತ್ತು ಸಾಲುಗಳ ಈ ಶಾಸನವು ಸುಮಾರು ಕ್ರಿ. ಶ. 700ರದು, ತ್ರಿಪದಿಯ ಅತ್ಯಂತ ಪ್ರಾಚೀನ ರೂಪವನ್ನು ಇದರಲ್ಲಿ ಕಾಣುತ್ತೇವೆ. ಇಲ್ಲಿಯ ವೀರನು ಸಜ್ಜನರಲ್ಲಿ ಮೃದು, ಪೀಡಕರಲ್ಲಿ ಉಗ್ರ. ಸಾವಿನ ನೋವು ಒಮ್ಮೆಗೆ ಮುಗಿಯುವುದು, ಮಾನಗೆಟ್ಟವನ ನೋವು ನಿತ್ಯದ್ದು ಎಂಬುದು ಇಲ್ಲಿಯ ಸಂಸ್ಕೃತ ಶ್ಲೋಕದ ಆಶಯ. ಅವನನ್ನು ಕೆಣಕುವುದು ಕಟ್ಟಿದ ಸಿಂಹವನ್ನು ಬಿಚ್ಚಿಬಿಟ್ಟಂತೆ. ಹೀಗೆ ಕೋಪವಿರುವುದು ದೋಷವಲ್ಲ. ಅದು ಯಾರ ಮೇಲೆ, ಯಾವ ಕಾರಣಕ್ಕೆ ಎಂಬುದೇ ಮುಖ್ಯ. ಒಂದೂವರೆ ಶತಮಾನದ ಬಳಿಕ ಕವಿರಾಜಮಾರ್ಗವೂ ಕಿಸುವೊಳಲ್, ಅಂದರೆ ಪಟ್ಟದಕಲ್ಲನ್ನೊಳಗೊಂಡ ಕನ್ನಡ ನಾಡಿನ ಜನರನ್ನು ವರ್ಣಿಸುವಾಗ ಉಗ್ರತೆಯನ್ನೂ ಚಿತ್ತಗಾಂಭೀರ್ಯವನ್ನೂ ಜೊತೆಯಾಗಿಯೇ ಹೇಳುತ್ತದೆ.

ಇದೇ ತ್ರಿಪದಿಯು ಬೀಸುವ ಕಲ್ಲಿನ ಮುಂದೆ ಬೇರೊಂದು ಭಾವವನ್ನು ಹೊತ್ತಿತು. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳು 1997ರವರೆಗೆ ಸೇರಿದ್ದ ವಿಜಾಪುರ ಜಿಲ್ಲೆಯಲ್ಲಿಯೇ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಅತ್ತೆಮಾವಂದಿರೆದುರು ಸೊಸೆಯಾದವಳು ನುಡಿಯಲಾಗದ ತವರಿನ ಹಂಬಲವನ್ನು ನಸುಕಿನಲ್ಲಿ ಬೀಸುತ್ತ ಹಾಡಬಹುದಾಗಿತ್ತು. ಮಾತಿನಲ್ಲಿ ಅವಿನಯವಾದುದು ಹಾಡಿನಲ್ಲಿ ಅವಿನಯವಲ್ಲ.

ಶಾಸನವು ಪ್ರಶಸ್ತಿ, ಹಾಡು ರೂಢಿಯ ನುಡಿ. ಇವುಗಳಿಂದ ನಿಜವಾದ ಭಾವವು ತಿಳಿಯುವುದೆಂತು ಎಂದು ಆಕ್ಷೇಪಿಸಬಹುದು. ಅರಭಟ್ಟನ ಎದೆಯಲ್ಲಿ ಏನಿದ್ದಿತೋ ನಾವು ಅರಿಯೆವು. ಆದರೆ ಯಾರು, ಎಲ್ಲಿ, ಯಾವ ಭಾವವನ್ನು ತೋರಬಹುದೆಂಬ ಸಮಾಜದ ಕಟ್ಟಳೆಯನ್ನು ಇವು ನಿಸ್ಸಂದೇಹವಾಗಿ ತಿಳಿಸುತ್ತವೆ. ಒಂದೇ ಛಂದಸ್ಸಿನಲ್ಲಿ ಗಂಡಸಿನ ಕೋಪಕ್ಕೆ ಬಂಡೆಗಲ್ಲೂ ಹೆಂಗಸಿನ ಅಳಲಿಗೆ ಬೀಸುವ ಕಲ್ಲೂ ದೊರೆತವು. ಮೊದಲನೆಯದನ್ನು ಮಾತ್ರ ಓದಿ ಬರೆದ ಇತಿಹಾಸವು ಈ ನಾಡಿನ ಮನಸ್ಸಿನ ಅರ್ಧವನ್ನು ಬಿಟ್ಟಂತಾಗುವುದೆಂದು ನಾವು ಭಾವಿಸುತ್ತೇವೆ.