ಗಾಯ ಮಾಗುವ ದಿನಗಳು: ನಮ್ಮ ಸೀಮೆಯ ಮುಂಜಿ ಮತ್ತು ಅದರ ಆರೈಕೆ



ಈ ಸಲದ ವಿಷಯವನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ತೂಗಿ ನೋಡಿದೆ. ಹುಡುಗರ ಮುಂದೊಗಲು ತೆಗೆಯುವ ಶಸ್ತ್ರಕ್ರಿಯೆಯನ್ನು ಕುರಿತು ಮೇಷ್ಟ್ರು ಬರೆಯುವುದೇ ಎಂದು ಕೆಲವರು ಮುಗುಳ್ನಗಬಹುದು. ಆದರೆ ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಐವತ್ತು ವರ್ಷಗಳಿಂದ ನನ್ನೊಳಗೆ ಉಳಿದಿದೆ. ಅದನ್ನು ಹೇಳದೆ ಇತಿಹಾಸವನ್ನಷ್ಟೇ ಹೇಳಿದರೆ ಅದು ಅಪ್ರಾಮಾಣಿಕವಾದೀತು.

1976ರ ಜೂನ್ ತಿಂಗಳು. ನಾನು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನೇಕಾರರ ಮನೆಯ ಎಂಟು ವರ್ಷದ ಹುಡುಗನೊಬ್ಬ ಕವಾಯತಿನ ಸಾಲಿನಿಂದ ಹಿಂದೆ ಸರಿದು ನಿಂತ. ಕಾರಣ ಕೇಳಿದೆ. "ಸರ, ಅಮ್ಮಿ ಇನ್ನೂ ಓಡಬ್ಯಾಡ ಅಂದಾಳ್ರಿ" ಎಂದು ತಲೆ ತಗ್ಗಿಸಿದ. ಅದು ನೆಪವೆಂದು ಬಗೆದು ಮೈದಾನವನ್ನು ಮೂರು ಸುತ್ತು ಓಡಿಸಿದೆ. ಎರಡನೆಯ ಸುತ್ತಿಗೆ ಅವನ ಚಡ್ಡಿಯ ಮೇಲೆ ರಕ್ತ ಕಂಡಿತು. ಮುಂಜಿಯಾಗಿ ಎಂಟು ದಿನಗಳಷ್ಟೇ ಆಗಿದ್ದವು. ಸೈಕಲ್ಲಿನ ಮೇಲೆ ಕೂಡ್ರಿಸಿಕೊಳ್ಳಲೂ ಆಗದೆ ಎತ್ತಿಕೊಂಡೇ ಮನೆಗೆ ಒಯ್ದೆ. ಅವನ ಅಜ್ಜಿ ನನ್ನನ್ನು ಬೈಯಲಿಲ್ಲ. "ನಿಮಗ ಗೊತ್ತಿರಲಿಲ್ಲ ಬಿಡ್ರಿ ಸರ" ಎಂದಳು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಮಾತು ಮಾತ್ರ ಮರೆಯಲಿಲ್ಲ. ನನ್ನ ತರಗತಿಯ ಹುಡುಗರ ಮನೆಯಲ್ಲಿ ನಡೆಯುವುದು ನನಗೇಕೆ ಗೊತ್ತಿರಲಿಲ್ಲ? ಅಂದಿನಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆ ಒಂದು ಕಾಲಕ್ಕೆ ಒಂದೇ ಆಡಳಿತದ್ದಾಗಿರಲಿಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರೆ, ಪಕ್ಕದ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಗಡಿಗಳು ಎಷ್ಟು ಬದಲಾದರೂ ಮನೆಯ ಪದ್ಧತಿಗಳು ತಮ್ಮ ಪಾಡಿಗೆ ನಡೆದುಬಂದವು. ಮುಸಲ್ಮಾನ ಮನೆಗಳಲ್ಲಿ ಖತ್ನಾ ಅಥವಾ ಸುನ್ನತ್ ಎನ್ನುವ ಈ ಸಂಸ್ಕಾರವನ್ನು ಕನ್ನಡದಲ್ಲಿ ಮುಂಜಿ ಎಂದು ಕರೆಯುವುದುಂಟು. ಬ್ರಾಹ್ಮಣರ ಉಪನಯನಕ್ಕೂ ಅದೇ ಹೆಸರು. ಎರಡರಲ್ಲೂ ಹುಡುಗನಿಗೆ ಹೊಸ ಬಟ್ಟೆ, ಬಂಧುಗಳ ಸಡಗರ, ಊಟ. ಆದ್ದರಿಂದ ಹೆಸರು ಹೊಂದಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ದಕ್ಷಿಣದ ಮುಸಲ್ಮಾನರ ಆಚಾರಗಳನ್ನು ಕುರಿತು ಜಾಫರ್ ಷರೀಫ್ ಎಂಬವರು ಬರೆದ 'ಕಾನೂನ್-ಎ-ಇಸ್ಲಾಂ' ಗ್ರಂಥವು ಹರ್ಕ್ಲಾಟ್ಸ್ ಎಂಬ ವೈದ್ಯರ ಇಂಗ್ಲಿಷ್ ಅನುವಾದದಲ್ಲಿ 1832ರಲ್ಲಿ ಪ್ರಕಟವಾಯಿತು. ಹುಡುಗನನ್ನು ಬೋರಲು ಹಾಕಿದ ಹೊಸ ಮಡಕೆಯ ಮೇಲೆ ಕೂಡ್ರಿಸುವುದು, ಹಜಾಮನು ಹರಿತವಾದ ಕತ್ತಿಯಿಂದ ಕೆಲಸ ಮುಗಿಸುವುದು, ನೋವು ಕೊಟ್ಟದ್ದಕ್ಕೆ ಪ್ರತಿಯಾಗಿ ಹುಡುಗನು ಅವನಿಗೆ ಏಟು ಕೊಡುವುದು, ಇವೆಲ್ಲ ಅದರಲ್ಲಿವೆ. ಗಾಯವು ಸುಮಾರು ಒಂದು ವಾರದಲ್ಲಿ ಮಾಯುತ್ತದೆಂದೂ ಹೇಳಿದೆ. ಮೇಲ್ಮೈ ಮಾತ್ರ ವಾರದಲ್ಲಿ ಕೂಡುತ್ತದೆ, ಒಳಗೆ ಗಟ್ಟಿಯಾಗಲು ಇನ್ನೂ ದಿನಗಳು ಬೇಕು ಎಂಬುದನ್ನು ನಾನು ಮೈದಾನದಲ್ಲಿ ಕಲಿತೆ.

ಆ ಅಜ್ಜಿಯ ಮನೆಯಲ್ಲಿ ನಾನು ಕಂಡ ಆರೈಕೆಯನ್ನು ಹೇಳಬೇಕು. ಶಾಲೆಗೆ ಬೇಸಿಗೆ ರಜೆಯಿರುವ ಕಾಲವನ್ನೇ ಬಹಳ ಮನೆಗಳವರು ಆರಿಸುತ್ತಿದ್ದರು. ಹುಡುಗನಿಗೆ ಚಡ್ಡಿಯಿಲ್ಲ, ಸಡಿಲವಾದ ಲುಂಗಿ. ಮಲಗಿದಾಗ ಬಟ್ಟೆ ಗಾಯಕ್ಕೆ ತಾಗದಂತೆ ತೊಲೆಯಿಂದ ಮಗ್ಗದ ನೂಲನ್ನು ಇಳಿಬಿಟ್ಟು ಲುಂಗಿಯ ನಡುವನ್ನು ಡೇರೆಯಂತೆ ಎತ್ತಿ ಕಟ್ಟಿದ್ದರು. ತಿನ್ನಲು ತುಪ್ಪ ಸುರಿದ ಸಜ್ಜಕ, ಹಾಲು, ಬೇಯಿಸಿದ ತತ್ತಿ. ನೊಣ ಕೂಡದಂತೆ ಅಜ್ಜಿ ಬೀಸಣಿಗೆ ಹಿಡಿದು ಕೂತಿರುತ್ತಿದ್ದಳು. ಬಟ್ಟೆ ತಾಗಬಾರದು, ಹೊಟ್ಟೆ ತುಂಬಿರಬೇಕು, ನೊಣ ಬರಬಾರದು, ಮಗು ಓಡಬಾರದು: ಈ ನಾಲ್ಕನ್ನೂ ಇಂದಿನ ವೈದ್ಯರು ತಳ್ಳಿಹಾಕಲಾರರು.

ಬೂದಿಯ ಮಾತು ಬೇರೆ. ರಕ್ತ ನಿಲ್ಲಲೆಂದು ಗಾಯಕ್ಕೆ ಜರಡಿ ಹಿಡಿದ ಬೂದಿ ಹಾಕುವ ರೂಢಿ ಕರ್ನಾಟಕದಲ್ಲಿ ಇತ್ತು. ಬಾನು ಮುಷ್ತಾಕ್ ಅವರ ಕಥೆಯೊಂದರಲ್ಲಿಯೂ ಸಾಮೂಹಿಕ ಖತ್ನಾದ ಸಂದರ್ಭದಲ್ಲಿ ಅದು ಬರುತ್ತದೆ. ಆ ಕಥೆಯಿರುವ ಸಂಕಲನದ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತಿದೆ. ಬೂದಿಯ ಪದ್ಧತಿ ಅಜ್ಞಾನದಿಂದ ಹುಟ್ಟಿದ್ದೆಂದು ನಾನು ಭಾವಿಸಿದ್ದೆ. ಆದರೆ ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಮಹಾನ್ ಶಸ್ತ್ರವೈದ್ಯ ಅಲ್-ಜಹ್ರಾವಿಯೇ, ಮುಂಜಿಯ ಗಾಯಕ್ಕೆ ಒಣ ಸೋರೆಕಾಯಿಯನ್ನು ಸುಟ್ಟ ಬೂದಿಯನ್ನು ಉದುರಿಸಲು ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಹೀಗಾಗಿ ನಮ್ಮ ಹಜಾಮರ ಕೈಯಲ್ಲಿದ್ದದ್ದು ಒಂದು ಕಾಲದ ದೊಡ್ಡ ವೈದ್ಯರೂ ಒಪ್ಪಿದ್ದ ಉಪಾಯ. ಬಿಸಿಬಿಸಿ ಬೂದಿಯಲ್ಲಿ ಸೋಂಕು ಇರಲಾರದು. ಆದರೆ ಡಬ್ಬಿಯಲ್ಲಿ ತುಂಬಿಟ್ಟು, ಕೈಯಿಂದ ಕೈಗೆ ಹೋದ ಬೂದಿಯಲ್ಲಿ ಮಣ್ಣು ಸೇರಿದರೆ ಧನುರ್ವಾತದ ಭಯವಿದೆ. 1867ರಲ್ಲಿ ಲಿಸ್ಟರ್ ಅವರು ಕಾರ್ಬಾಲಿಕ್ ಆಮ್ಲದಿಂದ ಗಾಯದ ನಂಜನ್ನು ತಡೆಯಬಹುದೆಂದು ತೋರಿಸಿದ ಮೇಲೆಯೂ ಆ ತಿಳಿವಳಿಕೆ ಹಳ್ಳಿಯ ಹಜಾಮನ ಪೆಟ್ಟಿಗೆಗೆ ಬರಲು ಬಹುಕಾಲ ಹಿಡಿಯಿತು. 1978ರಲ್ಲಿ ಭಾರತ ಸರಕಾರ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿತು. ಧನುರ್ವಾತದ ಲಸಿಕೆ ಪಡೆದ ಮಕ್ಕಳ ಮಟ್ಟಿಗೆ ಆ ಭಯ ಬಹಳ ಕಡಿಮೆಯಾಯಿತು.

ಇದು ಒಂದೇ ಧರ್ಮದವರ ವಿಷಯವೆಂದು ತಿಳಿಯಬೇಡಿ. ಮುಂದೊಗಲು ಬಿಗಿದು ಹಿಂದೆ ಸರಿಯದಿರುವುದನ್ನು ಸುಶ್ರುತ ಸಂಹಿತೆ 'ನಿರುದ್ಧಪ್ರಕಶ' ಎಂದು ಕರೆಯುತ್ತದೆ. ಕಬ್ಬಿಣದ, ಮರದ ಅಥವಾ ಅರಗಿನ ನಳಿಕೆಗೆ ತುಪ್ಪ ಸವರಿ ಒಳಗಿಟ್ಟು, ಮೂರು ಮೂರು ದಿನಕ್ಕೆ ದಪ್ಪ ಹೆಚ್ಚಿಸುತ್ತ ದಾರಿ ಹಿಗ್ಗಿಸಬೇಕೆಂದು ಅದು ವಿಧಿಸುತ್ತದೆ. ಎಳೆಯ ಮಕ್ಕಳಲ್ಲಿ ಈ ಬಿಗಿತ ಸಹಜ. ಅದನ್ನು ಬಲವಂತದಿಂದ ಎಳೆಯಬಾರದು. ದೊಡ್ಡವರಲ್ಲಿ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಲ್ಲಿ, ಪದೇ ಪದೇ ಉರಿ, ಬಿರುಕು ಕಾಣಿಸಿಕೊಂಡಾಗ ವೈದ್ಯರು ಈ ಶಸ್ತ್ರಕ್ರಿಯೆಯನ್ನು ಹೇಳುವುದುಂಟು. ನನ್ನ ಮೊಮ್ಮಗನಿಗೂ ಒಂಬತ್ತನೆಯ ವಯಸ್ಸಿನಲ್ಲಿ ಇದಾಯಿತು. ನಾಚಿಕೆಯಿಂದ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ದಿನ ಗಾಯದ ಮೇಲೆ ಹಳದಿ ಪೊರೆ ಕಂಡು ಸೊಸೆ ಕೀವೆಂದು ಗಾಬರಿಯಾದಳು.

ನಾನು ಫೋನು ಮಾಡಿದ್ದು ಯಾರಿಗೆ ಗೊತ್ತೇ? 1976ರ ಅದೇ ಹುಡುಗನಿಗೆ. ಅವನಿಗೂ ಈಗ ಮೊಮ್ಮಕ್ಕಳಿದ್ದಾರೆ. ಸಂಜೆಗೆ ಎರಡು ಮೆತ್ತನೆಯ ಲುಂಗಿ ಹಿಡಿದು ಬಂದ. "ಜ್ವರಾ ಐತೇನ್ರಿ ಸರ? ವಾಸನಿ ಬರತೈತೇನು? ಕೆಂಪ ಹಬ್ಬೇತೇನು?" ಎಂದು ಕೇಳಿದ. ಯಾವುದೂ ಇರಲಿಲ್ಲ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ ಎಂದ. ತೋರಿಸಿದೆವು. ಅದು ಗಾಯ ಮಾಯುವಾಗ ಕಟ್ಟುವ ಸಹಜ ಪೊರೆ, ಕೆರೆದು ತೆಗೆಯಬಾರದು ಎಂದರು ವೈದ್ಯರು.

ಅವರಿಂದ ಕೇಳಿ ಬರೆದುಕೊಂಡದ್ದು ಇಷ್ಟು. ಮೊದಲ ಕೆಲವು ದಿನ ಊತ, ಕೆಂಪು, ಮೂತ್ರ ಮಾಡುವಾಗ ಉರಿ ಸಹಜ. ನೋವಿಗೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಬೇಡ. ಬಟ್ಟೆ ಅಂಟದಂತೆ ವ್ಯಾಸಲಿನ್ ಸವರುವುದುಂಟು. ಬೂದಿ, ಅರಿಶಿನ, ಪೌಡರು ಬೇಡ. ಕರಗುವ ಹೊಲಿಗೆಗಳು ಎರಡು ಮೂರು ವಾರಗಳಲ್ಲಿ ತಾವೇ ಉದುರುತ್ತವೆ. ಪ್ಲಾಸ್ಟಿಕ್ ಉಂಗುರ ಹಾಕಿದ್ದರೆ ಅದನ್ನು ಎಳೆಯದೆ ತಾನಾಗಿ ಬೀಳಲು ಬಿಡಬೇಕು. ಸೈಕಲ್ಲು, ಈಜು, ಓಟ ಕೆಲವು ವಾರ ಬೇಡ. ಒತ್ತಿ ಹಿಡಿದರೂ ನಿಲ್ಲದ ರಕ್ತ, ಜ್ವರ, ಕೀವು, ಹಬ್ಬುವ ಕೆಂಪು, ಮೂತ್ರ ಕಟ್ಟುವುದು, ತುದಿ ಕಪ್ಪು ಅಥವಾ ನೀಲಿಯಾಗುವುದು: ಇವು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆತನದಲ್ಲಿ ರಕ್ತ ಹೆಪ್ಪುಗಟ್ಟದ ರೋಗವಿದ್ದರೆ, ಅಥವಾ ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿದ್ದರೆ, ಕತ್ತಿ ಮುಟ್ಟಿಸುವ ಮೊದಲೇ ವೈದ್ಯರಿಗೆ ಹೇಳಬೇಕು. ಎರಡನೆಯ ಸಂದರ್ಭದಲ್ಲಿ ಮುಂದೆ ಸರಿಪಡಿಸುವ ಶಸ್ತ್ರಕ್ರಿಯೆಗೆ ಆ ತೊಗಲೇ ಬೇಕಾಗುತ್ತದೆ. ಆಫ್ರಿಕಾದ ದೇಶಗಳಲ್ಲಿ 2007ರಿಂದ ಎಚ್‌ಐವಿ ತಡೆಗಾಗಿ ವಯಸ್ಕರಿಗೆ ಈ ಶಸ್ತ್ರಕ್ರಿಯೆಯನ್ನು ಮಾಡುತ್ತಿದ್ದಾರೆ. ಅಲ್ಲಿಯೂ ಎರಡನೆಯ ಮತ್ತು ಏಳನೆಯ ದಿನದ ತಪಾಸಣೆ, ಆರು ವಾರಗಳ ದಾಂಪತ್ಯ ಸಂಯಮ ನಿಯಮವಾಗಿವೆ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ರಜೆ ಮುಗಿದು ಬಂದ ಹುಡುಗನೊಬ್ಬ ಓಡಲಾರೆನೆಂದರೆ ಸಾಲಿನ ಮುಂದೆ ನಿಲ್ಲಿಸಿ ಕಾರಣ ಕೇಳಬೇಡಿ. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ, ನೆರಳಿನಲ್ಲಿ ಕೂಡ್ರಿಸಿ. ಮೊನ್ನೆ ಲುಂಗಿ ತಂದವನಿಗೆ ಆ ಹಳೆಯ ತಪ್ಪನ್ನು ನೆನಪಿಸಿ ಕ್ಷಮೆ ಕೇಳಿದೆ. "ಮೂರ ಸುತ್ತ ಅಲ್ರಿ ಸರ, ಎರಡ ಆಗಿದ್ವು" ಎಂದು ನಕ್ಕ. ಅಂದರೆ ಅವನೂ ಮರೆತಿಲ್ಲ.